ಖಾಲಿ ಕಾಣೋ ರಸ್ತೆ ಮತ್ತು ನಮ್ಮ ಚಿಗರಿ

ಮೊನ್ನೆ ಸಂಜೆ ಉಣಕಲ್ ಕೆರೆ ಹತ್ತಿರ ಗೆಳೆಯನ ಕಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮುಂದೆ ಟಂಟಂ, ಹಿಂದೆ ಟ್ರ್ಯಾಕ್ಟರು, ಎಡಕ್ಕೆ ನಾಲ್ಕು ಬೈಕು. ಬಲಗಡೆ ಮಾತ್ರ ಬಿಆರ್‌ಟಿಎಸ್ ರಸ್ತೆ ಚಾಪೆ ಹಾಸಿಟ್ಟ ಹಾಗೆ ಖಾಲಿ. ಗೆಳೆಯನಿಗೆ ಸಿಟ್ಟು ನೆತ್ತಿಗೇರಿತು. "ನೋಡಲೇ, ಹೆಂಗ ಖಾಲಿ ಬಿದ್ದದ! ನಮಗೂ ಬಿಟ್ರ ಇವರ ಗಂಟೇನು ಹೋಗತದ?"

ಅವನ ಮಾತು ಮುಗಿಯೋ ಅಷ್ಟರಲ್ಲಿ ಒಂದು ಚಿಗರಿ ಹೋಯಿತು. ಬಾಗಿಲ ತನಕ ಜನ. ನಾವು ಅಲ್ಲೇ ಇದ್ದೆವು. ಇನ್ನೊಂದು ಹೋಯಿತು. ನಾವು ಇನ್ನೂ ಅಲ್ಲೇ.

ಈ ಖಾಲಿ ರಸ್ತೆಯ ಪುರಾಣ ಕೇಳಿ ಕೇಳಿ ನನಗೆ ಸಾಕಾಗಿದೆ. ಸ್ವಲ್ಪ ಲೆಕ್ಕ ಹಾಕೋಣ. ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಅಂತಿಟ್ಟುಕೊಳ್ಳಿ. ಗಂಟೆಗೆ 1,800 ಜನ ದಾಟಿದರು. ಪಕ್ಕದ ಸಾಲಿನಲ್ಲಿ ಗಂಟೆಗೆ 800 ಕಾರು ಹೋದರೂ, ಕಾರಿಗೆ ಒಂದೂವರೆ ತಲೆಯಂತೆ 1,200 ಜನ. ಆದರೆ ಕಣ್ಣಿಗೆ ಕಾಣೋದು ಏನು? ಎರಡು ಬಸ್ಸಿನ ನಡುವಿನ ಖಾಲಿ ಡಾಂಬರು! ಬಸ್ಸು ನಿಲ್ಲದೆ ಓಡುತ್ತಿದೆ ಅನ್ನೋದಕ್ಕೆ ಆ ಖಾಲಿತನವೇ ಸಾಕ್ಷಿ.

ಹಾಗಂತ ಎಲ್ಲ ಸರಿ ಇದೆ ಅಂತ ನಾನು ಹೇಳ್ತಾ ಇಲ್ಲ. ಮಳೆ ಬಂದರೆ ಧಾರವಾಡದ ಟೋಲ್‌ನಾಕಾ ಕೆರೆಯಾಗೋದನ್ನ ನಾನೂ ಕಂಡಿದ್ದೇನೆ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ಸಂಕಟ ಇವತ್ತಿಗೂ ಹೋಗಿಲ್ಲ. ಆದರೆ ನನ್ನ ತಕರಾರು ಬೇರೆ. ಚಿಗರಿ ಇದೆ ಅನ್ನೋದಲ್ಲ, ಅದರ ರಸ್ತೆ ಅರ್ಧಕ್ಕೇ ನಿಂತಿದೆ ಅನ್ನೋದು.

1962ರಲ್ಲೇ ಎರಡೂ ಊರಿಗೆ ಒಂದೇ ಪಾಲಿಕೆ ಆಯಿತು. ಅವುಗಳ ನಡುವೆ ಬಸ್ಸಿಗೇ ಅಂತ ಒಂದು ದಾರಿ ಆಗಲಿಕ್ಕೆ 2018ರ ಅಕ್ಟೋಬರ್ ಬರಬೇಕಾಯಿತು. ಅಧಿಕೃತ ಉದ್ಘಾಟನೆ ಆಗಿದ್ದು 2020ರ ಫೆಬ್ರವರಿಯಲ್ಲಿ. ವಿಶ್ವಬ್ಯಾಂಕಿನ ನೆರವು, ಸುಮಾರು 22 ಕಿಲೋಮೀಟರ್ ಹಾದಿ. ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎಲ್ಲ ಕಣ್ಮುಚ್ಚಿ ಬಿಡೋದರಲ್ಲಿ ದಾಟುತ್ತವೆ. ಆಮೇಲೆ? ಅತ್ತ ಹೊಸೂರು, ಇತ್ತ ಜುಬಿಲಿ ಸರ್ಕಲ್. ಅಲ್ಲಿಂದಾಚೆ ಚಿಗರಿಯೂ ಅದೇ ಟಂಟಂ, ಅದೇ ಬೈಕುಗಳ ನಡುವೆ ಕುಂಟುತ್ತದೆ. ಬಯಲಲ್ಲಿ ಉಳಿಸಿದ ಹತ್ತು ನಿಮಿಷವನ್ನ ಪೇಟೆಯಲ್ಲಿ ಸುಂಕ ಕಟ್ಟಿದ ಹಾಗೆ.

ದಿಲ್ಲಿಯಲ್ಲಿ ಹೀಗೇ ಆಗಿತ್ತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ 5.8 ಕಿಲೋಮೀಟರ್ ಕಟ್ಟಿ ಅಷ್ಟಕ್ಕೇ ಬಿಟ್ಟರು. ಕಾರಿನವರಿಗೆ ಹೊಟ್ಟೆ ಉರಿಸಲಿಕ್ಕೆ ಅಷ್ಟು ಸಾಕಾಯಿತು, ಬಸ್ಸಿನವರು ಬೀದಿಗಿಳಿದು ಕಾಪಾಡಿಕೊಳ್ಳಲಿಕ್ಕೆ ಸಾಲಲಿಲ್ಲ. 2016ರಲ್ಲಿ ಒಡೆದು ಹಾಕಿದರು. ಅಹಮದಾಬಾದಿನವರು 2009ರಲ್ಲಿ ಶುರು ಮಾಡಿ ಬೆಳೆಸುತ್ತಾ ಹೋದರು, ಅದು ಉಳಿಯಿತು.

ನಾವೂ ಬೆಳೆಸಬೇಕು. ಬೆಳೆಸೋದು ಅಂದರೆ ಬೆಳಗಾವಿಯ ತನಕ ಎಳೆಯೋದಲ್ಲ ಮಾರಾಯ್ರೆ! ಹಾಗೆ ಹೇಳೋರೂ ಇದ್ದಾರೆ. ಅಲ್ಲಿಗೆ ರೈಲಿದೆ, ಹೆದ್ದಾರಿಯ ಬಸ್ಸಿದೆ. ಎರಡು ನಿಮಿಷಕ್ಕೊಂದು ಬಸ್ಸು ತುಂಬುವಷ್ಟು ಜನ ಇರೋ ಕಡೆಗೆ ಮಾತ್ರ ಈ ದಾರಿ. ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣ, ಕೈಗಾರಿಕೆಗಳು, ವಿಮಾನ ನಿಲ್ದಾಣ. ಆ ಕಡೆ ಕರ್ನಾಟಕ ವಿಶ್ವವಿದ್ಯಾಲಯ, ಕೆಲಗೇರಿ, ಅದರಾಚೆ ಐಐಟಿ. ಬೆಳಗಾವಿ ಹೆದ್ದಾರಿಗೆ ಹೈಕೋರ್ಟ್ ಪೀಠ. ಎಲ್ಲ ಕಡೆ ರಸ್ತೆ ಒಡೆಯಬೇಕಾಗಿಲ್ಲ. ಇಕ್ಕಟ್ಟಿನ ಸರ್ಕಲ್ಲಿನಲ್ಲಿ ಬಸ್ಸಿಗೆ ಮೊದಲು ಹಸಿರು ದೀಪ, ಐನೂರು ಮೀಟರಿನ ಒಂದು ಪ್ರತ್ಯೇಕ ಸಾಲು, ಮತ್ತು ಚಿಗರಿ ಇಳಿದ ಐದು ನಿಮಿಷದಲ್ಲಿ ಅಲ್ಲೇ ಬಂದು ನಿಲ್ಲೋ ಒಂದು ಸಣ್ಣ ಬಸ್ಸು. ಇಷ್ಟಾದರೂ ಮಾಡಿ ನೋಡಿ.

ಅದು ಬಿಟ್ಟು, ಚಿಗರಿ ತೆಗೆದು ಟ್ರಾಮಿನಂಥ ಉದ್ದನೆಯ ವಿದ್ಯುತ್ ಬಸ್ಸು ತರೋಣ ಅನ್ನೋ ಮಾತು ಕೆಲವು ವರ್ಷಗಳಿಂದ ಓಡಾಡುತ್ತಿದೆ. ತನ್ನಿ, ಬೇಡ ಅನ್ನಲ್ಲ. ಆದರೆ ಅದೂ ಅದೇ ಜುಬಿಲಿ ಸರ್ಕಲ್ಲಿಗೆ ಬಂದು ಸಿಕ್ಕಿಕೊಂಡರೆ, ಸಿಕ್ಕಿಕೊಂಡ ಗಾಡಿ ಇನ್ನಷ್ಟು ಉದ್ದ ಇರುತ್ತೆ, ಅಷ್ಟೇ.

ಇದನ್ನೆಲ್ಲ ಗೆಳೆಯನಿಗೆ ಹೇಳುತ್ತಾ ನವಲೂರು ದಾಟಿದೆವು. ಅವನ ಮನೆ ಕೆಲಗೇರಿಯಲ್ಲಿ. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ಆತಪಾ, ನಾಳಿಂದ ಚಿಗರಿಗೇ ಬರತೀನಿ. ಇಳಿದ ಮ್ಯಾಲೆ ಮನಿ ಮುಟ್ಟಲಿಕ್ಕೆ ಆಟೋದವಗ ದಿನಾ ನೂರು ರೂಪಾಯಿ ನೀ ಕೊಡತೀಯೇನು?"

ನಾನು ಸುಮ್ಮನೆ ಕಿಟಕಿಯಾಚೆ ನೋಡಿದೆ. ಇನ್ನೊಂದು ಚಿಗರಿ ಹೋಯಿತು.