ಕಳೆಗಿಡದಿಂದ ಕಸುಬು: ಕಾಡಿಗೂ ಸೋಲಿಗರಿಗೂ ಆಸರೆಯಾದೀತೇ?

ಕಾಡು ಉಳಿಯಬೇಕಾದರೆ ಜನರನ್ನು ಹೊರಗಿಡಬೇಕೆಂಬ ವಾದ ಒಂದೆಡೆ. ಕಾಡಿನ ಆಸರೆಯಿಲ್ಲದೆ ವನವಾಸಿಗಳ ಬದುಕು ಸಾಗದೆಂಬ ವಾಸ್ತವ ಇನ್ನೊಂದೆಡೆ. ಇವೆರಡರ ನಡುವೆ ಸೇತುವೆಯಾಗಬಲ್ಲ ಕಿರು ಉದ್ಯಮಗಳಿಗೆ ನೆರವು ನೀಡಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಆ ಮಾತನ್ನು ಒರೆಗೆ ಹಚ್ಚಿ ನೋಡಲು ಚಾಮರಾಜನಗರ ಜಿಲ್ಲೆಯ ಸೋಲಿಗರ ಅನುಭವಕ್ಕಿಂತ ಉತ್ತಮ ಉದಾಹರಣೆ ನಮಗೆ ದೊರೆಯಲಾರದು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಬೇಟೆ ಹಾಗೂ ಕುಮರಿ ಬೇಸಾಯ ನಿಂತ ಮೇಲೆ ಪೋಡುಗಳ ಸೋಲಿಗರಿಗೆ ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳ ಸಂಗ್ರಹವೇ ಮುಖ್ಯ ಆದಾಯವಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ಪರಿಣಾಮವಾಗಿ ಅದಕ್ಕೂ ಕುತ್ತು ಬಂತು. 2006ರ ಅರಣ್ಯ ಹಕ್ಕು ಕಾಯಿದೆಯ ಬಲದಿಂದ ಹೋರಾಡಿದ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು.

ಆದರೆ ಹಕ್ಕು ಕೈಸೇರುವ ಹೊತ್ತಿಗೆ ಕಾಡೇ ಬದಲಾಗಿತ್ತು. ಬ್ರಿಟಿಷರು ಅಲಂಕಾರಕ್ಕೆಂದು ತಂದ ಲಂಟಾನ ಹುಲ್ಲು, ಗಿಡಮೂಲಿಕೆಗಳನ್ನು ಅಡಗಿಸಿ ಹಬ್ಬಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೇಶದ ಹುಲಿ ನೆಲೆಗಳಲ್ಲಿ ಸುಮಾರು 1.54 ಲಕ್ಷ ಚದರ ಕಿ.ಮೀ. ಅರಣ್ಯ ಇದರ ಹಿಡಿತದಲ್ಲಿದೆ ಎಂದು ಅಂದಾಜಿಸಿದೆ. ತಾವು ಹಿಂದೆ ಹಚ್ಚುತ್ತಿದ್ದ ತರಗು ಬೆಂಕಿಯನ್ನು ನಿಷೇಧಿಸಿದ್ದೇ ಇದಕ್ಕೆ ಕಾರಣವೆಂಬುದು ಸೋಲಿಗ ಹಿರಿಯರ ಅಭಿಮತ. ಮೇವು ಕಡಿಮೆಯಾದಾಗ ಜಿಂಕೆ, ಆನೆಗಳು ಹೊಲಗಳತ್ತ ಮುಖಮಾಡುವ ಸಂಭವವೂ ಹೆಚ್ಚುತ್ತದೆ.

ಈ ಕಳೆಯನ್ನೇ ಕಸುಬಾಗಿಸುವ ಪ್ರಯತ್ನ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ನಡೆದಿದೆ. ಲಂಟಾನ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿ, ಆನೆಯ ಪ್ರತಿಕೃತಿಗಳನ್ನು ತಯಾರಿಸಲಾಗುತ್ತದೆ. ಬೆತ್ತ, ಬಿದಿರಿಗೆ ಇದು ಅಗ್ಗದ ಪರ್ಯಾಯ. ನೀಲಗಿರಿಯ ಆದಿವಾಸಿಗಳು ರಚಿಸಿದ ಲಂಟಾನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲೂ, 2024ರಲ್ಲಿ ನ್ಯೂಯಾರ್ಕಿನಲ್ಲೂ ಪ್ರದರ್ಶನಗೊಂಡು ಜನಮನ ಸೆಳೆದವು.

ಹಾಗೆಂದು ಕುರ್ಚಿ ಹೆಣೆಯುವುದರಿಂದಲೇ ಕಾಡು ಶುದ್ಧವಾಗುವುದೆಂದು ಭಾವಿಸುವುದು ಸರಿಯಲ್ಲ. ಕರಕುಶಲಕ್ಕೆ ಬೇಕಾಗುವುದು ಆಯ್ದ ಕಡ್ಡಿಗಳು ಮಾತ್ರ. ಬುಡಸಮೇತ ಕೀಳದಿದ್ದರೆ ಲಂಟಾನ ಮತ್ತೆ ಚಿಗುರುತ್ತದೆ. ಕಿತ್ತ ಜಾಗದಲ್ಲಿ ಹುಲ್ಲು, ಸ್ಥಳೀಯ ಗಿಡಗಳನ್ನು ಬೆಳೆಸಿ ವರ್ಷಗಟ್ಟಲೆ ಕಾಯಬೇಕು. ಆ ಶ್ರಮಕ್ಕೆ ಪ್ರತ್ಯೇಕ ಕೂಲಿ ಸಲ್ಲಬೇಕು. ಉದ್ಯಮವು ಕುಟುಂಬಗಳಿಗೆ ಆದಾಯ ತಂದು, ಸಂರಕ್ಷಣೆಯಲ್ಲಿ ಅವರಿಗೊಂದು ಪಾಲು ನೀಡಬಲ್ಲದು. ಅರಣ್ಯ ಇಲಾಖೆಯ ಹೊಣೆಯನ್ನು ಅದು ಹೊರಲಾರದು.

ಆದ್ದರಿಂದ ನೆರವು ನೀಡುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಬೆಲೆ ನಿಗದಿಪಡಿಸುವ ಅಧಿಕಾರ ತಯಾರಕರ ಸಂಘಕ್ಕಿದೆಯೇ? ಕಾಡಿಗಾದ ಪ್ರಯೋಜನವನ್ನು ಅಳೆಯುವ ಕ್ರಮವಿದೆಯೇ? ಅನುದಾನ ನಿಂತ ಮೇಲೂ ಮಾರುಕಟ್ಟೆ ಉಳಿದೀತೇ? ಅಲ್ಪಬಡ್ಡಿಯ ದುಡಿಮೆ ಬಂಡವಾಳ, ವಿನ್ಯಾಸದ ತರಬೇತಿ, ಸಾಗಾಟದ ವ್ಯವಸ್ಥೆ ಇಲ್ಲದೆ ಕೇವಲ ಪ್ರಶಂಸೆಯಿಂದ ಯಾವ ಉದ್ಯಮವೂ ಬದುಕದು.

ಮೂರನೆಯ ಪ್ರಶ್ನೆಗೆ ಉತ್ತರ ನೀಡುವಲ್ಲಿ ಹೊರನಾಡ ಕನ್ನಡಿಗರ ಪಾತ್ರ ಚಿಕ್ಕದಲ್ಲ. ರಾಜ್ಯೋತ್ಸವ, ವಾರ್ಷಿಕೋತ್ಸವಗಳಲ್ಲಿ ನಮ್ಮ ಸಂಘ ಸಂಸ್ಥೆಗಳು ಶಾಲು, ಫಲಪುಷ್ಪಗಳೊಂದಿಗೆ ನೀಡುವ ಪ್ಲಾಸ್ಟಿಕ್ ಸ್ಮರಣಿಕೆಗಳು ಬಹುತೇಕ ಕಪಾಟಿನ ಮೂಲೆ ಸೇರುತ್ತವೆ. ಅವುಗಳ ಬದಲು ಲಂಟಾನದ ಆನೆಯೊಂದನ್ನೋ, ಸೋಲಿಗರ ಜೇನು, ಕಾಫಿಯನ್ನೋ ನೀಡಬಹುದು. ಒಮ್ಮೆ ದಾನವಾಗಿ ಕೊಳ್ಳುವುದಕ್ಕಿಂತ ಪ್ರತಿವರ್ಷ ಮುಂಗಡ ಬೇಡಿಕೆ ಸಲ್ಲಿಸಿ, ನ್ಯಾಯಬೆಲೆ ತೆತ್ತು ಕೊಳ್ಳುವುದೇ ನಿಜವಾದ ಬೆಂಬಲ. ಸಂಘಗಳ ಪದಾಧಿಕಾರಿಗಳು ಈ ಬಗ್ಗೆ ಚಿಂತಿಸಲಿ ಎಂಬುದು ನಮ್ಮ ಆಶಯ.