ನಡಿಗೆಯೊಂದೇ ಸಾಲದು, ಬಸ್ಕಿಯೂ ಬೇಕು!

ಶುಗರ್ ಬಂದವರಿಗೆ ಡಾಕ್ಟರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಮಾತ್ರೆ ತಪ್ಪಿಸಬೇಡಿ, ಊಟದಲ್ಲಿ ಪಥ್ಯ ಮಾಡಿ, ವಾಕಿಂಗ್ ಹೋಗಿ. ಮೊದಲನೆಯದನ್ನು ಪಾಲಿಸುತ್ತೇವೆ, ಎರಡನೆಯದನ್ನು ಅರ್ಧ ಪಾಲಿಸುತ್ತೇವೆ, ಮೂರನೆಯದನ್ನು ನಾಳೆಗೆ ಇಡುತ್ತೇವೆ. ಆ ನಾಳೆ ಬರುವುದೇ ಇಲ್ಲ!

ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಐ.ಸಿ.ಎಂ.ಆರ್. ನೆರವಿನ ದೊಡ್ಡ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಕೇರಳದಲ್ಲಂತೂ ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರಿಗೆ. ಅಂದರೆ ನಮ್ಮ ಕಾಸರಗೋಡಿನ ಯಾವ ಕನ್ನಡ ಶಾಲೆಯಲ್ಲಾದರೂ ರಕ್ಷಕರ ಸಭೆ ಕರೆದರೆ, ಎದುರಿಗೆ ಕುಳಿತವರಲ್ಲಿ ಹಲವರ ಚೀಲದಲ್ಲಿ ಮಾತ್ರೆಯ ಪೊಟ್ಟಣ ಇರುತ್ತದೆ. ಶಿಕ್ಷಕರ ಸಾಲಿನಲ್ಲೂ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ವ್ಯಾಯಾಮವನ್ನು ಬುದ್ಧಿಮಾತು ಎಂದು ತಿಳಿಯುವುದನ್ನು ಬಿಟ್ಟು ಮದ್ದು ಎಂದು ತಿಳಿಯಬೇಕು. ಮದ್ದಿಗೆ ಅಳತೆ ಇರುತ್ತದೆ, ಹೊತ್ತು ಇರುತ್ತದೆ, ಫಲ ಕೊಟ್ಟಿತೋ ಇಲ್ಲವೋ ಎಂದು ನೋಡಲು ಪರೀಕ್ಷೆಯೂ ಇರುತ್ತದೆ. ವ್ಯಾಯಾಮಕ್ಕೂ ಇವೆಲ್ಲ ಇವೆ.

ಮೊದಲು ಪರೀಕ್ಷೆಯ ವಿಷಯ. ಖಾಲಿ ಹೊಟ್ಟೆಯ ಶುಗರ್ ಎಂದರೆ ಒಂದು ದಿನದ ಕ್ಲಾಸ್ ಟೆಸ್ಟ್ ಇದ್ದ ಹಾಗೆ. ಹಿಂದಿನ ಎರಡು ದಿನ ಪಾಯಸ ಬಿಟ್ಟರೆ ಅಂಕ ಚೆನ್ನಾಗಿಯೇ ಬಂದೀತು. ಆದರೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಾಗಲ್ಲ. ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ. ಅಷ್ಟು ಕಾಲ ಅವುಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಇದು ಅಳೆಯುತ್ತದೆ. ಇದು ಸುಮಾರು ಮೂರು ತಿಂಗಳ ಹಾಜರಿ ಪುಸ್ತಕ. ಇದನ್ನು ಮೋಸ ಮಾಡಲಾಗದು.

ಈಗ ಮದ್ದಿನ ವಿಷಯ. ವ್ಯಾಯಾಮದಲ್ಲಿ ಮುಖ್ಯವಾಗಿ ಎರಡು ಬಗೆ. ಉಸಿರು, ಎದೆಬಡಿತ ಏರುವಂತೆ ಮಾಡುವ ಬಿರುಸು ನಡಿಗೆ, ಸೈಕಲ್, ಈಜು ಒಂದು ಬಗೆ. ಸ್ನಾಯುಗಳಿಗೆ ಭಾರ ಕೊಡುವ ಬಸ್ಕಿ, ದಂಡ, ತೂಕ ಎತ್ತುವುದು ಇನ್ನೊಂದು ಬಗೆ. ನಮ್ಮಲ್ಲಿ ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಎರಡನೆಯದು ಪೈಲ್ವಾನರಿಗೆ ಎಂಬ ಭಾವನೆ. ಇದೇ ತಪ್ಪು ಎಂದು ನನಗನ್ನಿಸುತ್ತದೆ.

ಕೆನಡಾದಲ್ಲಿ ಸಕ್ಕರೆ ಕಾಯಿಲೆಯ 251 ಮಂದಿಯನ್ನು ನಾಲ್ಕು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸುಮ್ಮನಿದ್ದವರಿಗೆ ಹೋಲಿಸಿದರೆ ಮೊದಲ ಬಗೆಯ ವ್ಯಾಯಾಮ ಮಾಡಿದವರ ಎಚ್‌ಬಿಎ1ಸಿ ಸುಮಾರು ಅರ್ಧ ಅಂಶ ಇಳಿಯಿತು. ಭಾರದ ವ್ಯಾಯಾಮದವರದ್ದು ಸುಮಾರು 0.4 ಇಳಿಯಿತು. ಎರಡನ್ನೂ ಮಾಡಿದವರದ್ದು ಹೆಚ್ಚುಕಡಿಮೆ ಒಂದು ಅಂಶ! ಅವರು ವ್ಯಾಯಾಮಕ್ಕೆ ಹೆಚ್ಚು ಹೊತ್ತು ಕೊಟ್ಟಿದ್ದರು ಎಂಬುದೂ ನಿಜ. ಆದರೆ ಅಮೆರಿಕದಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಸಮಾನ ಹೊತ್ತು ಕೊಟ್ಟು ಮಾಡಿದ 2010ರ ಅಧ್ಯಯನದಲ್ಲೂ ಎರಡನ್ನೂ ಬೆರೆಸಿದವರೇ ಮುಂದಿದ್ದರು.

ಕಾರಣ ಸರಳ. ಉಂಡ ಅನ್ನದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ಸ್ನಾಯು ಬೆಳೆದರೆ ಸಕ್ಕರೆ ತುಂಬಿಡುವ ಕಣಜವೂ ದೊಡ್ಡದಾಗುತ್ತದೆ. ಒಂದು ಸಲ ಮಾಡಿದ ವ್ಯಾಯಾಮದ ಗುಣ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಆದ್ದರಿಂದ ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಬಾರದು. ರಕ್ತದೊತ್ತಡ ಇರುವವರಿಗೂ ಲಾಭವಿದೆ. ಕ್ರಮವಾಗಿ ಬಿರುಸು ನಡಿಗೆ ಮಾಡಿದರೆ ಮೇಲಿನ ಅಂಕಿ ಸಾಮಾನ್ಯವಾಗಿ ಐದರಿಂದ ಎಂಟರಷ್ಟು ಇಳಿಯುತ್ತದೆ. ತೂಕ ಇಳಿಯಲಿಲ್ಲ ಎಂದು ನಿರಾಶರಾಗಬೇಡಿ. ತಕ್ಕಡಿ ಕದಲದಿದ್ದರೂ ರಕ್ತದ ವರದಿ ಬದಲಾಗಬಹುದು.

"ಮಾಷ್ಟ್ರೇ, ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಎಂಥ ವ್ಯಾಯಾಮ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಡಿಕೆ ಮರ ಹತ್ತುವವರಿಗೆ, ಗೊಬ್ಬರ ಹೊರುವವರಿಗೆ ನಾನು ಪಾಠ ಹೇಳುವುದಿಲ್ಲ. ಆದರೆ ಬೀಡಿ ಕಟ್ಟುತ್ತ, ಅಂಗಡಿಯಲ್ಲಿ ಕೂತು, ತರಗತಿಯಲ್ಲಿ ನಿಂತು ಸುಸ್ತಾಗುವುದು ಬೇರೆ, ವ್ಯಾಯಾಮ ಬೇರೆ. ಮಾತಾಡಲು ಸಾಧ್ಯ, ಹಾಡಲು ಮಾತ್ರ ಆಗದು ಎಂಬಷ್ಟು ಉಸಿರು ಏರಿದರೆ ಅದು ವ್ಯಾಯಾಮ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ದೀರ್ಘಕಾಲದ ಕಾಯಿಲೆ ಇರುವವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ ಬೇಕು. ಜೊತೆಗೆ ಎರಡು ದಿನವಾದರೂ ಸ್ನಾಯುಗಳ ಕೆಲಸ ಬೇಕು. ಇದಕ್ಕೆ ಜಿಮ್ ಬೇಡ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಕು. ಶಾಲೆಯಲ್ಲಿ ಶಿಕ್ಷೆಯಾಗಿ ಕೊಟ್ಟು ಕೊಟ್ಟು ಬಸ್ಕಿಯ ಹೆಸರು ಕೆಡಿಸಿದ್ದು ಶಿಕ್ಷಕ ವರ್ಗವೇ. ಆ ಮರ್ಯಾದೆಯನ್ನು ನಾವೇ ತಿರುಗಿ ಕೊಡಬೇಕು!

ಎಚ್ಚರಿಕೆಯೂ ಇರಲಿ. ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಕೆಳಗಿಳಿಯಬಹುದು. ಅಂಥವರು ಕಿಸೆಯಲ್ಲಿ ಒಂದಿಷ್ಟು ಸಕ್ಕರೆ ಇಟ್ಟುಕೊಳ್ಳಲಿ. ಭಾರ ಎತ್ತುವಾಗ ಉಸಿರು ಕಟ್ಟಬಾರದು. ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೃದಯ, ಕಣ್ಣು, ಪಾದದ ತೊಂದರೆ ಇರುವವರು ಮೊದಲೇ ಡಾಕ್ಟರನ್ನು ಕೇಳಲಿ.

ಶಾಲೆ ಬಿಟ್ಟ ಮೇಲೆ ನಮ್ಮ ಮೈದಾನಗಳು ಸಂಜೆ ಖಾಲಿ ಬಿದ್ದಿರುತ್ತವೆ. ರಕ್ಷಕ ಶಿಕ್ಷಕ ಸಂಘದವರು ವಾರಕ್ಕೆ ಮೂರು ಸಂಜೆ ಅದನ್ನು ಹೆತ್ತವರಿಗೆ ತೆರೆದಿಟ್ಟರೆ ಖರ್ಚು ಸೊನ್ನೆ. ವಿಶೇಷವಾಗಿ ತಾಯಂದಿರಿಗೆ, ಏಕೆಂದರೆ ರಸ್ತೆ ಬದಿಯಲ್ಲಿ ಒಬ್ಬರೇ ನಡೆಯಲು ಅವರಿಗೆ ಸಂಕೋಚ. ಆಸ್ಪತ್ರೆಯ ಬೋರ್ಡು ಮಲಯಾಳದಲ್ಲಿ, ಲ್ಯಾಬಿನ ವರದಿ ಇಂಗ್ಲಿಷಿನಲ್ಲಿ ಇರುತ್ತದೆ. ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಶಿಕ್ಷಕರಿಂದ ಆಗದ ಕೆಲಸವೇನಲ್ಲ.

ಶುಗರ್ ಇರುವವರು ಇವತ್ತೇ ಕೊನೆಯ ವರದಿ ಹುಡುಕಿ ಎಚ್‌ಬಿಎ1ಸಿ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳು ನಡಿಗೆ ಮತ್ತು ಬಸ್ಕಿ ಎರಡನ್ನೂ ಮಾಡಿ, ಮತ್ತೆ ಪರೀಕ್ಷಿಸಿ. ಫಲ ಕಂಡರೆ ನೆರೆಮನೆಯವರಿಗೂ ಹೇಳಿ. ನಿಮ್ಮ ಶಾಲೆಯ ಮೈದಾನದ ಬಗ್ಗೆ ನೀವೇನು ಹೇಳುತ್ತೀರಿ?