ಕಾರ್ಡಿದೆ, ಕರುಳಿಗಿಲ್ಲ
ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಅದು ಕಾಯಿಲೆ ಬಿದ್ದ ಮೇಲೆ. 30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ದೊಡ್ಡ ಕರುಳಿಲ್ಲ. ಹರಿಹರದ ಕೂಲಿಕಾರ, ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಗೆಂದು ದಾವಣಗೆರೆಗೆ ಹೊರಟರೆ ಆಸ್ಪತ್ರೆಯ ಬಿಲ್ಲಷ್ಟೇ ಖರ್ಚಲ್ಲ: ಮಂಡಕ್ಕಿ-ಮಿರ್ಚಿ ಬಿಟ್ಟು, ರಾತ್ರಿಯೆಲ್ಲ ಭೇದಿ ಪುಡಿ ಕಲಸಿದ ನೀರು ಕುಡಿದು, ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ಬಸ್ಸು ಹತ್ತಬೇಕು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಈ ಪರೀಕ್ಷೆಯಲ್ಲಿ ಕರುಳು ತೂತಾಗುವುದು, ಕರುಳೊಳಗಿನ ಗಂಟು ತೆಗೆದಲ್ಲಿ ರಕ್ತ ಸೋರುವುದು ಅಪರೂಪ. ಆದರೂ ಆದವರು ಮತ್ತೆ ಆಸ್ಪತ್ರೆ ಸೇರಬೇಕು. ತೊಂದರೆ ಕಾಣದ ಎಲ್ಲರಿಗೂ ಕೊಳವೆ ಬೇಕಿಲ್ಲ. ಮಲದಲ್ಲಿನ ಕಣ್ಣಿಗೆ ಬೀಳದ ರಕ್ತ ಹುಡುಕುವ ಅಗ್ಗದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ. ಅಲ್ಲಿ ರಕ್ತ ಕಂಡುಬಂದವರ ಕೊಲೊನೋಸ್ಕೋಪಿ ಖರ್ಚನ್ನು ಆಯುಷ್ಮಾನ್ ಕಾರ್ಡು ಹೊರಲಿ.